ನಾಲ್ಕು ಉದ್ದ ಕೊಳವೆಗಳು

ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಉಪ್ಪು ಕರಗಿಸುವ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತಾರು ವರ್ಷ. ನಲವತ್ತು ದಾಟುವ ಹೊತ್ತಿಗೆ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡು, ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ವಿಜ್ಞಾನಿಗಳವರೆಗೆ ಎಲ್ಲರ ಬಾಯಲ್ಲೂ ಅವಳು ಉಪ್ಪಕ್ಕನಾಗಿದ್ದಳು. ಅವಳಿಗೂ ಅದರಿಂದ ಬೇಸರವಿರಲಿಲ್ಲ. "ಸಕ್ಕರೆಯಕ್ಕ ಅಂದಿದ್ರೆ ಇರುವೆ ಮುತ್ತಿಕೊಳ್ತಿದ್ವು, ಇದೇ ವಾಸಿ" ಅನ್ನುತ್ತಿದ್ದಳು.

ಅದು ಅಡುಗೆಯ ಉಪ್ಪಲ್ಲ. ತನ್ನೊಡಲಲ್ಲಿ ನೀರನ್ನು ಹಿಡಿದಿಟ್ಟುಕೊಂಡ, ಕಲ್ಲುಸಕ್ಕರೆಯ ಹಾಗೆ ಕಾಣುವ, ಕಾಯಿಸಿದರೆ ಹುಳಿ ವಾಸನೆ ಹೊಡೆಯುವ ಹರಳು. ಐವತ್ತೆಂಟು ಡಿಗ್ರಿಗೆ ಕರಗಿ ನೀರಾಗುತ್ತಿತ್ತು. ಕರಗುವಾಗ ಕುಡಿದ ಕಾವನ್ನೆಲ್ಲ ಮತ್ತೆ ಹೆಪ್ಪುಗಟ್ಟುವಾಗ ಬಿಟ್ಟುಕೊಡುತ್ತಿತ್ತು. ಹಗಲು ಛಾವಣಿಯ ಮೇಲೆ ಬಿಸಿಲಿಗೆ ಕಾದ ನೀರನ್ನು ಈ ಉಪ್ಪಿನ ಡಬ್ಬಿಗಳ ಸುತ್ತ ಹರಿಸಿದರೆ ಬಿಸಿಲು ಡಬ್ಬಿಯೊಳಗೆ ಕೂತುಬಿಡುತ್ತದೆ, ಹೊತ್ತು ಮುಳುಗಿದ ಮೇಲೆ ಅದನ್ನೇ ಹೊರತೆಗೆದು ಮನೆ ಬೆಚ್ಚಗಿಡಬಹುದು ಎಂಬುದು ಮೇಲಿನ ಮಹಡಿಯವರ ಲೆಕ್ಕಾಚಾರ. ಚಳಿ ಕಡಿಮೆಯೇನಲ್ಲದ ಊರು ಅದು. ಕಲ್ಲಿದ್ದಲ ಹೊಗೆಗೆ ಗೋಡೆಗಳೆಲ್ಲ ಮಂಕಾಗಿದ್ದವು. ಬಿಸಿಲನ್ನು ಡಬ್ಬಿಯಲ್ಲಿ ತುಂಬಿಡುವ ಮಾತು ಕೇಳಿದರೆ ಯಾರಿಗೆ ತಾನೇ ಆಸೆ ಹುಟ್ಟುವುದಿಲ್ಲ?

ಉಪ್ಪಕ್ಕನ ಕೆಲಸ ಇಷ್ಟೇ: ಹನ್ನೆರಡು ಗಾಜಿನ ಕೊಳವೆಗಳಲ್ಲಿ ತುಂಬಿದ ಉಪ್ಪನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕರಗಿಸುವುದು, ತೆಗೆದು ತಣ್ಣೀರಿನ ತೊಟ್ಟಿಯಲ್ಲಿಟ್ಟು ಹೆಪ್ಪುಗಟ್ಟಿಸುವುದು, ಎಷ್ಟು ಕಾವು ಹೊರಬಂತು ಎಂದು ಅಳೆದು ಬರೆಯುವುದು. ಕರಗಿ ಹೆಪ್ಪಾದರೆ ಒಂದು ಸುತ್ತು. ದಿನಕ್ಕೆ ಎರಡು ಸುತ್ತು. ಒಂದು ಚಳಿಗಾಲವೆಂದರೆ ಇನ್ನೂರು ಸುತ್ತಿನ ಲೆಕ್ಕ. ಹನ್ನೆರಡರಲ್ಲಿ ಎಂಟು ಕೊಳವೆಗಳು ಬೆರಳುದ್ದದವು, ನಾಲ್ಕು ಮೊಳದುದ್ದದವು. ಅದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ. ಕೊಳವೆ ತರಿಸಿದ ದಿನ ಅಂಗಡಿಯಲ್ಲಿ ಗಿಡ್ಡವು ಎಂಟೇ ಇದ್ದವು, ಅಷ್ಟೆ.

ಅವಳು ಹೆಚ್ಚು ಓದಿದವಳಲ್ಲ. ಆದರೆ ಅವಳ ಕಣ್ಣು, ಕೈ ಎರಡೂ ಚುರುಕು. ಬಿಸಿನೀರು ತಣ್ಣೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದುಗಳು ಒಡೆದಿದ್ದವು. ಕೊಳವೆಯನ್ನು ಹಿಡಿದ ಕೂಡಲೇ ಇದು ಇನ್ನೂ ಕಾಲು ಗಂಟೆ ಕಾವು ಕೊಡುತ್ತದೆ, ಇದು ಮುಗಿಯಿತು ಎಂದು ಹೇಳುವಳು. ಮೀಟರು ಅದನ್ನೇ ಹೇಳಲು ಇನ್ನೊಂದಿಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು.

ಅವಳನ್ನು ಬೆಳೆಸಿದವನು ಅಣ್ಣ. ಅಪ್ಪ, ಅಮ್ಮ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು, ಅವಳಿಗೆ ಒಂಬತ್ತು. ಅವನು ಲಿಫ್ಟ್ ರಿಪೇರಿಯವನು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗ್ರೀಸಿನ ವಾಸನೆಯ ಕೈಯಲ್ಲೇ ಅವಳ ಜಡೆ ಹೆಣೆಯುತ್ತಿದ್ದ. ಎಷ್ಟು ಬಿಗಿ ಎಂದರೆ ಹುಬ್ಬು ಮೇಲೇರಿ, ಇಡೀ ದಿನ ಅವಳು ಏನನ್ನೋ ಕಂಡು ಬೆಚ್ಚಿದವಳ ಹಾಗೆ ಕಾಣುತ್ತಿದ್ದಳು. "ಇದು ಜಡೆಯೋ ಲಿಫ್ಟಿನ ಹಗ್ಗವೋ?" ಎಂದು ಶಾಲೆಯ ಮೇಡಂ ಕೇಳಿದ್ದುಂಟು. ಆಮೇಲೆ ಅವನಿಗೆ ಮದುವೆಯಾಯಿತು. ಅತ್ತಿಗೆ ಮಾತು ಕಡಿಮೆಯವರು, ಕೆಲಸ ಜಾಸ್ತಿಯವರು. ಅವರಿಗೆ ಮಕ್ಕಳಾಗಲಿಲ್ಲ. ನಾದಿನಿಯೇ ಮಗಳ ಜಾಗ ತುಂಬಿದಳು. ಮೂವತ್ತು ವರ್ಷ ಲಿಫ್ಟಿನ ಬಾವಿಗಳಲ್ಲಿ ಇಳಿದು ಧೂಳು ಕುಡಿದ ಅಣ್ಣನ ಎದೆ ಐವತ್ತಕ್ಕೆಲ್ಲ ಕೆಟ್ಟಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತ. ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಸಲ ನಿಲ್ಲುವನು. "ಬೇರೆಯವರ ಲಿಫ್ಟೆಲ್ಲ ಸರಿಮಾಡ್ದೆ, ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ ನೋಡು" ಎಂದು ನಗುತ್ತಾ ಕೆಮ್ಮುವನು, ಕೆಮ್ಮುತ್ತಾ ನಗುವನು.

ಅವನಿದ್ದದ್ದು ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಮೂಲೆಯ ಮನೆ. ಒಟ್ಟು ಇಪ್ಪತ್ತನಾಲ್ಕು ಸಂಸಾರ. ಎಲ್ಲರಿಗೂ ಒಂದೇ ಕಲ್ಲಿದ್ದಲ ಬಾಯ್ಲರು. ಸಂಶೋಧನಾಲಯದ ಮುಖ್ಯಸ್ಥರು ಉಪ್ಪಿನ ಡಬ್ಬಿಗಳನ್ನು ನಿಜವಾದ ಕಟ್ಟಡದಲ್ಲಿ ಇಟ್ಟು ನೋಡಬೇಕು ಎಂದು ಜಾಗ ಹುಡುಕುತ್ತಿದ್ದಾಗ, ಉಪ್ಪಕ್ಕನೇ ಆ ಕಟ್ಟಡದ ಹೆಸರು ಹೇಳಿದಳು. ಹೊಗೆ ನಿಂತರೆ ಅಣ್ಣನ ಎದೆಗೆ ಒಳ್ಳೆಯದು ಎಂಬುದು ಅವಳ ಮನಸ್ಸಿನಲ್ಲಿದ್ದದ್ದು.

ಮುಖ್ಯಸ್ಥರಿಗೆ ಹಿಂದಿನಿಂದ ಎಲ್ಲರೂ ಸರಾಸರಿ ಸಾಹೇಬ್ರು ಅನ್ನುತ್ತಿದ್ದರು. ಯಾವ ಅಳತೆ ಕೊಟ್ಟರೂ "ಸರಾಸರಿ ಎಷ್ಟು?" ಎಂಬುದೇ ಅವರ ಮೊದಲ ಪ್ರಶ್ನೆ. ಕೆಟ್ಟವರೇನಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರುವರು, ಕೆಳಗಿನವರ ಕಷ್ಟಸುಖ ವಿಚಾರಿಸುವರು. ಹಿಂದಿನ ಬೇರೆ ಉಪ್ಪುಗಳನ್ನೆಲ್ಲ ಕೈಬಿಟ್ಟು ಹಿಡಿದ ಈ ಉಪ್ಪಿನ ಮುನ್ನೂರು ಸುತ್ತು ಮುಗಿದಾಗ ಹನ್ನೆರಡು ಕೊಳವೆಗಳೂ ಹೊಸದರಷ್ಟೇ ಕಾವು ಕೊಡುತ್ತಿದ್ದವು. ಸಾಹೇಬರು ಖುಷಿಯಾಗಿ ಫಲಿತಾಂಶ ಪ್ರಕಟಿಸಿದರು. ಕಟ್ಟಡದ ಕೆಲಸ ಶುರುವಾಯಿತು.

ಒಪ್ಪಿಗೆಗೆ ಇಪ್ಪತ್ತನಾಲ್ಕು ಸಂಸಾರಗಳ ಸಹಿ ಬೇಕಿತ್ತು. ಅಣ್ಣ ಆ ಎದೆ ಇಟ್ಟುಕೊಂಡು ಬಾಗಿಲು ಬಾಗಿಲಿಗೆ ಹೋದ. "ನನ್ನ ತಂಗಿ ಕೈಯಾರೆ ಪರೀಕ್ಷೆ ಮಾಡಿರೋ ಉಪ್ಪು ಕಣ್ರೀ. ಅವಳು ಹಿಂಗೆ ಅಂದ್ರೆ ಹಿಂಗೆ. ಸುಳ್ಳು ಹೇಳೋ ಮನೇಲಿ ಅವಳನ್ನ ಬೆಳೆಸಿಲ್ಲ ನಾನು." ಮೂರು ಚಳಿಗಾಲ ಮನೆಯಲ್ಲಿ ಬೇರೆ ಹೀಟರು ಉರಿಸಬಾರದು, ಉರಿಸಿದರೆ ಅಳತೆ ಕೆಡುತ್ತದೆ ಎಂಬ ಕರಾರಿತ್ತು. ಅದಕ್ಕೂ ಎಲ್ಲರನ್ನೂ ಒಪ್ಪಿಸಿದ. ಎರಡನೆಯ ಮಹಡಿಯ ದರ್ಜಿ ಹೆಂಗಸೊಬ್ಬಳು ಮಾತ್ರ, ಚಳಿಗೆ ಬೆರಳು ಮರಗಟ್ಟಿದರೆ ಹೊಲಿಗೆ ಹೊಲಿಯುವುದು ಹೇಗೆ ಎಂದು ಜಗಳವಾಡಿ, ತನ್ನ ಪುಟ್ಟ ವಿದ್ಯುತ್ ಹೀಟರಿಗೆ ವಿನಾಯಿತಿ ಬರೆಸಿಕೊಂಡಳು.

ಕಟ್ಟಡದ ನೆಲಮಾಳಿಗೆಗೆ ಡಬ್ಬಿಗಳು ಇಳಿಯುತ್ತಿದ್ದ ವಾರವೇ, ನಾನೂರ ಮೂವತ್ತನೆಯ ಸುತ್ತಿನಲ್ಲಿ, ಉಪ್ಪಕ್ಕ ಒಂದು ಉದ್ದ ಕೊಳವೆಯನ್ನು ಬಿಸಿನೀರಿನಿಂದ ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಬಿಳಿಯ ಗಸಿ ಕೂತಿತ್ತು. ಮೇಲೆ ತಿಳಿನೀರು. ಎಪ್ಪತ್ತು ಡಿಗ್ರಿಯಲ್ಲೂ ಆ ಗಸಿ ಕರಗಿರಲಿಲ್ಲ. ಉಳಿದ ಮೂರು ಉದ್ದ ಕೊಳವೆಗಳನ್ನು ಎತ್ತಿ ನೋಡಿದಳು, ಅವುಗಳಲ್ಲೂ ಹಾಗೆಯೇ. ಗಿಡ್ಡ ಕೊಳವೆಗಳು ಮಾತ್ರ ಸ್ವಚ್ಛವಾಗಿ ಕರಗಿದ್ದವು. ಅವಳು ನೆಲಮಾಳಿಗೆಯ ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಉಪ್ಪು ತನ್ನ ನೀರಿನಿಂದ ಬೇರೆಯಾಗಿ ತಳಕ್ಕಿಳಿಯುತ್ತಿದೆ. ಗಿಡ್ಡ ಕೊಳವೆಯಲ್ಲಿ ನೀರು ಮತ್ತೆ ಬಂದು ಸೇರಲು ದೂರವಿಲ್ಲ. ಉದ್ದದ್ದರಲ್ಲಿ ದೂರ. ಒಮ್ಮೆ ಬಿಟ್ಟದ್ದು ಮತ್ತೆ ಕೂಡುತ್ತಿಲ್ಲ.

ಕಟ್ಟಡಕ್ಕೆ ಇಳಿಯುತ್ತಿದ್ದ ಡಬ್ಬಿಗಳು ಅವಳ ಸೊಂಟದೆತ್ತರ ಇದ್ದವು.

ಅವಳು ಪುಸ್ತಕ ಎತ್ತಿಕೊಂಡು ಮೇಲೆ ಹೋದಳು.

"ಸರ್, ಉದ್ದ ಕೊಳವೆ ನಾಲ್ಕೂ ಕೆಟ್ಟಿವೆ. ಕಾವು ಮುಕ್ಕಾಲಿಗೆ ಇಳಿದಿದೆ."

ಸಾಹೇಬರು ಪುಸ್ತಕ ನೋಡಿದರು. "ಹನ್ನೆರಡರ ಸರಾಸರಿ ಎಷ್ಟು ಬರುತ್ತಮ್ಮಾ?"

"ತೊಂಬತ್ತರ ಮೇಲೇ ಬರುತ್ತೆ ಸರ್. ಆದ್ರೆ ಹನ್ನೆರಡು ಮನೇಲಿ ನಾಲ್ಕು ಸುಟ್ಟುಹೋದ್ರೂ ಸರಾಸರಿ ಬೀದಿ ಚೆನ್ನಾಗೇ ಇದೆ ಅನ್ನಬಹುದಲ್ವಾ?"

ಸಾಹೇಬರು ನಕ್ಕರು. ನಿಜವಾಗಿಯೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕಟ್ಟಡದ ಡಬ್ಬಿಗಳೂ ಉದ್ದಾನೇ ಸರ್" ಎಂದಳು ಅವಳು, ದನಿ ತಗ್ಗಿಸಿ.

"ಗೊತ್ತು. ಮುಂದಿನ ತಿಂಗಳು ಉದ್ಘಾಟನೆ. ಇನ್ನೂರು ಡಬ್ಬಿ ಬೆಸುಗೆ ಹಾಕಿ ಆಗಿದೆ. ಈಗ ನಿಲ್ಲಿಸಿದ್ರೆ ಈ ಕೆಲಸಾನೇ ಮುಚ್ಚಿಬಿಡ್ತಾರೆ, ಮತ್ತೆ ಹತ್ತು ವರ್ಷ ಯಾರೂ ಉಪ್ಪಿನ ಹೆಸರೆತ್ತಲ್ಲ. ಎರಡು ಚಳಿಗಾಲ ಹೇಗೂ ನಡೆಯುತ್ತೆ. ಅಷ್ಟರಲ್ಲಿ ಉಪಾಯ ಹುಡುಕೋಣ. ನೀನು ಹನ್ನೆರಡನ್ನೂ ಸೇರಿಸಿ ಒಂದೇ ಅಂಕಿ ಬರಿ." ಸ್ವಲ್ಪ ತಡೆದು ಸೇರಿಸಿದರು: "ವರದಿಯಲ್ಲಿ ಈ ಸಲ ನಿನ್ನ ಹೆಸರೂ ಹಾಕ್ತಿದೀನಿ. ಹದಿನಾಲ್ಕು ವರ್ಷ ದುಡಿದಿದೀಯಾ. ನ್ಯಾಯವಾಗಿ ಬರಬೇಕಾದ್ದು."

ಅವಳು ಆಗ ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮೆಟ್ಟಿಲಿಳಿದು ಬರುವಾಗ ಅವಳ ತಲೆಯಲ್ಲಿದ್ದದ್ದು ಗಸಿಯಲ್ಲ, ಅಚ್ಚಾದ ತನ್ನ ಹೆಸರು. ಇದನ್ನು ಅವಳು ಮುಂದೆ ಯಾರ ಮುಂದೆಯೂ ಮುಚ್ಚಿಡಲಿಲ್ಲ. ಆ ದಿನದ ಪುಟದಲ್ಲಿ ಒಂದೇ ಅಂಕಿ ಬರೆದು, ಕೆಳಗೆ ಸಹಿ ಹಾಕಿದಳು. ನಾಲ್ಕು ಉದ್ದ ಕೊಳವೆಗಳ ಅಂಕಿಗಳನ್ನು ಮಾತ್ರ ಬೇರೊಂದು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಾ ಹೋದಳು. ಕೈ ಸುಮ್ಮನಿರಲಿಲ್ಲ, ಅಷ್ಟೆ.

ಮೊದಲ ಚಳಿಗಾಲ ಹಬೆಯಾಡುವ ಹಾಗೆ ಬೆಚ್ಚಗಿತ್ತು. ಕಟ್ಟಡದ ಮೇಲೆ ಹೊಗೆಯಿಲ್ಲ. ಹೆಂಗಸರು ಒಗೆದ ಬಟ್ಟೆಯನ್ನು ಅಂಗಳದಲ್ಲಿ ಹರವಿದರು, ಬಿಳಿಯದು ಬಿಳಿಯದಾಗಿಯೇ ಒಣಗಿತು. ಅಣ್ಣನ ಕೆಮ್ಮು ಕಡಿಮೆಯಾಯಿತು. ವರದಿಯ ಪುಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡು, ಹಾಲು ಹಾಕಲು ಬಂದವನಿಗೂ ತಂಗಿಯ ಹೆಸರು ತೋರಿಸಿದ. ಅದು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. "ಕಣ್ಣು ಚೆನ್ನಾಗಿರೋರಿಗೆ ಕಾಣ್ಸುತ್ತೆ" ಅನ್ನುವನು.

ಎರಡನೆಯ ಚಳಿಗಾಲದ ನಡುವಿನಿಂದ ಬೆಳಗಿನ ಹೊತ್ತು ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳಾಯಿಗಳು ಬೇಗ ತಣ್ಣಗಾಗತೊಡಗಿದವು. ಕೆಳಗಿನ ಎರಡು ಮಹಡಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಬಿಸಿ ಅಲ್ಲಿಗೇ ಮೊದಲು ಮುಟ್ಟುತ್ತಿತ್ತು. ಮೂಲೆ ಮನೆಗೆ ಬಂದು ಸೇರುವಷ್ಟರಲ್ಲಿ ಅದು ಉಗುರು ಬೆಚ್ಚಗಿನ ನೀರು. ಸಂಶೋಧನಾಲಯಕ್ಕೆ ಹೋಗುತ್ತಿದ್ದುದು ಇಪ್ಪತ್ತನಾಲ್ಕು ಮನೆಗಳ ಸರಾಸರಿ. ಅದು ಚೆನ್ನಾಗಿಯೇ ಇತ್ತು.

ಉಪ್ಪಕ್ಕ ಪ್ರತಿ ಭಾನುವಾರ ಅಣ್ಣನ ಮನೆಗೆ ಹೋಗುವಳು. ಸಾವಿರ ಸುತ್ತು ದಾಟುವಷ್ಟರಲ್ಲಿ ನೆಲಮಾಳಿಗೆಯ ಉದ್ದ ಕೊಳವೆಗಳ ಕಾವು ಅರ್ಧಕ್ಕೂ ಕೆಳಗಿಳಿದಿತ್ತು. ಪೆನ್ಸಿಲಿನ ಅಂಕಿಗಳನ್ನು ನೋಡಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆದರೆ ಭಾನುವಾರ ಅಣ್ಣನ ಮನೆಯ ಬಾಗಿಲು ತೆರೆದರೆ ಒಳಗೆ ಬೆಚ್ಚಗೆ ಇರುತ್ತಿತ್ತು. ಅವಳು ಕೋಟು ಬಿಚ್ಚಿ ಕೂರುವಳು.

"ಬೆಚ್ಚಗಿದೆಯೇನಣ್ಣಾ ದಿನಾ ಹಿಂಗೇ?"

"ಅಯ್ಯೋ, ಬೆವರ್ತಿದೀನಿ ಪುಟ್ಟಿ. ನಿಮ್ಮತ್ತಿಗೆ ಕಿಟಕಿ ತೆಗೀತೀನಿ ಅಂತಾಳೆ."

ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಕಿಟಕಿಯ ಕೆಳಗೆ, ಬಿಸಿನೀರು ಹರಿಯುವ ರೇಡಿಯೇಟರಿನ ಮೇಲೆ ಯಾವಾಗಲೂ ಒಂದು ಒಗೆದ ಕಂಬಳಿ ಹರವಿರುತ್ತಿತ್ತು. ದೊಡ್ಡ ಡಬ್ಬಿಯಲ್ಲಿ ಉಪ್ಪು ಬೇರೆ ಥರ ನಡೆದುಕೊಳ್ಳುತ್ತದೋ ಏನೋ, ತನ್ನ ಕೊಳವೆಗಳೇ ಸುಳ್ಳು ಹೇಳುತ್ತಿವೆಯೋ ಏನೋ ಎಂದುಕೊಂಡು ಅವಳು ನೆಮ್ಮದಿಯಿಂದ ವಾಪಸ್ಸು ಬರುವಳು. ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಕೈ ಅವಳದು. ಆ ಕಂಬಳಿಯನ್ನು ಎತ್ತಿ ಅದರಡಿ ಯಾಕೆ ಮುಟ್ಟಿ ನೋಡಲಿಲ್ಲ ಎಂದು ಆಮೇಲೆ ವರ್ಷಗಟ್ಟಲೆ ತನ್ನನ್ನೇ ಕೇಳಿಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು. ಮುಟ್ಟಿದರೆ ಗೊತ್ತಾಗಿಬಿಡುತ್ತಿತ್ತು.

ಮೂರನೆಯ ಚಳಿಗಾಲದ ಒಂದು ಬುಧವಾರ ಮಧ್ಯಾಹ್ನ ನೆಲಮಾಳಿಗೆಯ ಫೋನಿಗೆ ಕರೆ ಬಂತು. ಅತ್ತಿಗೆ. ಆ ಫೋನಿಗೆ ಅವರು ಎಂದೂ ಮಾಡಿದವರಲ್ಲ.

"ನಿಮ್ಮಣ್ಣನ್ನ ಆಸ್ಪತ್ರೆಗೆ ಸೇರಿಸಿದೀವಿ. ಬಾ" ಎಂದಷ್ಟೇ ಹೇಳಿ ಇಟ್ಟರು.

ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹತ್ತಿತ್ತು. ಮೊದಲೇ ಕೆಟ್ಟ ಎದೆ. ವೈದ್ಯೆ ಚಿಕ್ಕ ವಯಸ್ಸಿನವಳು. "ಮನೆ ತುಂಬಾ ತಣ್ಣಗಿದೆಯಾ?" ಎಂದು ಕೇಳಿದಳು. ಉಪ್ಪಕ್ಕ "ಇಲ್ಲ ಡಾಕ್ಟ್ರೇ, ತುಂಬಾ ಬೆಚ್ಚಗಿದೆ" ಎಂದಳು. ಅತ್ತಿಗೆ ಗೋಡೆಯ ಕಡೆ ನೋಡುತ್ತಾ ನಿಂತಿದ್ದರು.

ಅಣ್ಣ ನಾಲ್ಕು ದಿನ ಇದ್ದ. ಮೂರನೆಯ ದಿನ ಸ್ವಲ್ಪ ಚೇತರಿಸಿಕೊಂಡವನ ಹಾಗೆ ಕಂಡ. ಮಾಸ್ಕು ಸರಿಸಿ ಏನೋ ಹೇಳಲು ಹೊರಟ. ಅವಳು ಬಾಗಿ ಕಿವಿಗೊಟ್ಟಳು.

"ಈ ಆಸ್ಪತ್ರೆ ಲಿಫ್ಟು... ಮೇಲೆ ಬರುವಾಗ ಕಿರ್ ಅಂತಿದೆ. ರೋಲರ್‌ಗೆ ಗ್ರೀಸ್ ಹಾಕಿಸೋಕೆ ಹೇಳು. ಜನಕ್ಕೆ ಅಪಾಯ."

"ಹೇಳ್ತೀನಣ್ಣ."

"ಇವತ್ತೇ ಹೇಳು."

ಅವಳು ಹೋಗಿ ಹೇಳಿ ಬಂದಳು. ಮಾರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವನು ಹೋದ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದರು. ಇಬ್ಬರ ಬಾಯಿಂದಲೂ ಉಸಿರು ಹಬೆಯಾಗಿ ಬರುತ್ತಿತ್ತು. ಉಪ್ಪಕ್ಕ ಅದನ್ನು ಅಷ್ಟು ಹೊತ್ತು ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಎದ್ದು, ಕಂಬಳಿ ಎತ್ತಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟಳು. ಚೀಲದಲ್ಲಿದ್ದ ಥರ್ಮಾಮೀಟರು ತೆಗೆದು ಮೇಜಿನ ಮೇಲಿಟ್ಟಳು. ಹನ್ನೊಂದು ಡಿಗ್ರಿ.

ಅಷ್ಟರಲ್ಲಿ ಬಾಗಿಲು ಬಡಿದರು. ಕೆಳಗಿನ ಮಹಡಿಯ ದರ್ಜಿ. ಸಂಕೋಚದಿಂದ ಹೊಸ್ತಿಲಲ್ಲೇ ನಿಂತಳು.

"ಇಂಥ ಹೊತ್ತಲ್ಲಿ ಕೇಳಬಾರದು. ಆದ್ರೆ ನನ್ನ ಹೀಟರು ಇಲ್ಲೇ ಉಳಿದುಬಿಟ್ಟಿದೆ. ಬೆರಳು ಆಡ್ತಿಲ್ಲ."

"ಯಾವ ಹೀಟರು?" ಎಂದಳು ಉಪ್ಪಕ್ಕ.

"ಅದೇ, ನಿಮ್ಮಣ್ಣ ಭಾನುವಾರ ಭಾನುವಾರ ಇಸ್ಕೊಂಡು ಬರ್ತಿದ್ರಲ್ಲ. ಬೆಳಿಗ್ಗೆ ಆರಕ್ಕೆ ಬಂದು ಒಯ್ಯೋರು, ನೀವು ಬರೋದಕ್ಕೆ ಅರ್ಧ ಗಂಟೆ ಮುಂಚೆ ಆರಿಸಿ ಮಂಚದಡಿ ಇಡೋರು. ನೀವು ಹೋದ ಮೇಲೆ ವಾಪಸ್ಸು. ಹೋದ ವರ್ಷದಿಂದ್ಲೂ. ಈ ಸಲ ಮಾತ್ರ ಇಳಿದು ಬಂದು ಕೊಡೋಕೆ ಅವರ ಕೈಲಾಗ್ಲಿಲ್ಲ." ಅವಳು ಇಬ್ಬರ ಮುಖವನ್ನೂ ನೋಡಿದಳು. "ನಿಮಗೆ ಗೊತ್ತಿರಲಿಲ್ವಾ?"

ಅತ್ತಿಗೆ ಬಗ್ಗಿ ಮಂಚದಡಿಯಿಂದ ಹೀಟರು ಎಳೆದು ಅವಳ ಕೈಗೆ ಕೊಟ್ಟರು. ಬಾಗಿಲು ಹಾಕಿಕೊಂಡು ಬಂದು ಕೂತರು. ಅವರಾಗೇ ಮಾತೆತ್ತಿದರು.

"ಒಂದು ತಂದುಕೊಳ್ಳೋಣ ಅಂದೆ. ಉಪ್ಪಕ್ಕನ ಸ್ವಂತ ಅಣ್ಣನೇ ಹೀಟರು ತಂದ ಅಂದ್ರೆ ಊರೋರು ಅವಳ ಮುಖಕ್ಕೆ ಉಗೀತಾರೆ ಅಂದ್ರು. ಮೂರು ಸ್ವೆಟರ್ ಹಾಕ್ಕೊಂಡು ಮಲಗೋರು. ಫೋನ್ ಮಾಡ್ತೀನಿ ಅಂದ್ರೆ ಆಣೆ ಹಾಕಿಸ್ಕೊಂಡ್ರು. ಮಗು ಕಷ್ಟಪಟ್ಟು ಮಾಡಿದೆ, ಈ ಒಂದು ಚಳಿಗಾಲ ಕಳೆದ್ರೆ ಪರೀಕ್ಷೆ ಮುಗಿಯುತ್ತೆ, ಬಾಯಿ ಮುಚ್ಕೊಂಡಿರು ಅಂದ್ರು."

ಉಪ್ಪಕ್ಕ ಅಳಲಿಲ್ಲ. ಅಳು ಬರಲಿಲ್ಲ. ಎದ್ದು ಕಟ್ಟಡದ ನೆಲಮಾಳಿಗೆಗೆ ಇಳಿದಳು. ಅಲ್ಲಿನ ಮೇಲ್ವಿಚಾರಕ ವಯಸ್ಸಾದವನು, ಅಣ್ಣನ ಇಸ್ಪೀಟು ಗೆಳೆಯ. ಒಂದು ಡಬ್ಬಿ ಕತ್ತರಿಸಬೇಕು ಎಂದಾಗ ಯಾಕೆ ಏನು ಎಂದು ಕೇಳದೆ ಗರಗಸ ತಂದ. ಮೇಲಿನ ಮುಚ್ಚಳ ಬಿದ್ದ ಕೂಡಲೇ ತಿಳಿನೀರು ಕಾಲಿನ ಮೇಲೆ ಚೆಲ್ಲಿತು, ಹುಳಿ ವಾಸನೆ ಎದ್ದಿತು. ತಳದಲ್ಲಿ ಗೇಣುದ್ದದ ಬಿಳಿ ಗಟ್ಟಿ. ಮೇಲ್ವಿಚಾರಕ ಸುತ್ತಿಗೆಯಲ್ಲಿ ಬಡಿದ. ಠಣ್ ಎಂದಿತು.

"ಕಲ್ಲಾಗಿದೆಯಲ್ಲಮ್ಮಾ" ಎಂದ.

ಮುಂದಿನ ವಾರ ಕಟ್ಟಡದವರ ಸಭೆ ನಡೆಯಿತು. ಮೆಟ್ಟಿಲ ಬುಡದ ಹಜಾರದಲ್ಲಿ, ಮನೆ ಮನೆಯಿಂದ ಕುರ್ಚಿ ತಂದು. ಸಾಹೇಬರೂ ಬಂದಿದ್ದರು. ಅಣ್ಣನಿಗಾಗಿ ಎರಡು ನಿಮಿಷ ಎದ್ದು ನಿಂತು, ಆಮೇಲೆ ಈ ವರ್ಷದ ಚಳಿ ಎಂದಿಗಿಂತ ಹೆಚ್ಚೆಂದೂ ಒಟ್ಟಾರೆ ಸಾಧನೆ ಸಮಾಧಾನಕರವೆಂದೂ ಮಾತಾಡಿದರು. ಅವರು ಕೂತ ಮೇಲೆ ಉಪ್ಪಕ್ಕ ಎದ್ದಳು. ಎರಡು ಪುಸ್ತಕ ಹಿಡಿದಿದ್ದಳು. ಶಾಯಿಯ ಪುಸ್ತಕದಿಂದ ಒಂದು ಅಂಕಿ, ಪೆನ್ಸಿಲಿನ ಪುಸ್ತಕದಿಂದ ನಾಲ್ಕು ಅಂಕಿ, ಹೀಗೆ ನಾನೂರ ಮೂವತ್ತನೆಯ ಸುತ್ತಿನಿಂದ ಓದುತ್ತಾ ಹೋದಳು. ಮೊದಮೊದಲು ಯಾರಿಗೂ ಅರ್ಥವಾಗಲಿಲ್ಲ. ಆರುನೂರಕ್ಕೆ ಬರುವಷ್ಟರಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

"ಡಬ್ಬಿ ಇಳಿಸ್ತಿರುವಾಗ್ಲೇ ನನಗೆ ಗೊತ್ತಿತ್ತು" ಎಂದಳು ಕೊನೆಗೆ. "ಸಾಹೇಬ್ರಿಗೂ ಹೇಳಿದ್ದೆ. ಒಂದೇ ಸಲ ಹೇಳಿದೆ. ಆಮೇಲೆ ಸುಮ್ಮನಾದೆ. ಸಹಿ ನಂದೇ."

ಎಲ್ಲರೂ ಸಾಹೇಬರ ಮೇಲೆ ಬೀಳುತ್ತಾರೆಂದು ಅವಳು ಎಣಿಸಿದ್ದಳೋ ಏನೋ. ಹಾಗಾಗಲಿಲ್ಲ. ಸಾಹೇಬರು ಅವರಿಗೆ ದೂರದವರು. ಇವಳು ಹತ್ತಿರದವಳು. ದರ್ಜಿ ಹೆಂಗಸು ಎದ್ದು ನಿಂತು, "ನಿಮ್ಮಣ್ಣ ನಮ್ಮ ಬಾಗಿಲಿಗೆ ಬಂದು ನಿನ್ನ ಹೆಸರಲ್ಲಿ ಸಹಿ ಇಸ್ಕೊಂಡ್ರು ಕಣೇ" ಎಂದಳು. "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ನೀನು ತಿಂದ ಉಪ್ಪಿಗೆ ಅವರು ಕುಡಿದ್ರಲ್ಲೇ."

ಯಾರೂ ಅವಳನ್ನು ತಡೆಯಲಿಲ್ಲ. ಅತ್ತಿಗೆ ಹಿಂದಿನ ಸಾಲಿನಿಂದ ಎದ್ದು ಮೆಟ್ಟಿಲು ಹತ್ತಿ ಹೋದರು.

ಆಮೇಲೆ ನಡೆದದ್ದೆಲ್ಲ ಬೇಗ ಬೇಗ ನಡೆಯಿತು. ವಿಚಾರಣೆಯಾಯಿತು. ಡಬ್ಬಿಗಳನ್ನು ಕಿತ್ತು ಲಾರಿಯಲ್ಲಿ ಒಯ್ದರು. ಮೂಲೆಯಲ್ಲಿ ಬಿದ್ದಿದ್ದ ಕಲ್ಲಿದ್ದಲ ಬಾಯ್ಲರನ್ನು ತುಕ್ಕು ಕೆರೆದು ಮತ್ತೆ ಹೊತ್ತಿಸಿದರು. ಸಾಹೇಬರಿಗೆ ಬೇರೆ ಊರಿನ ಇನ್ನೂ ದೊಡ್ಡ ಸಂಸ್ಥೆಯಿಂದ ಕರೆ ಬಂತು, ಹೋದರು. ಹೊರಡುವ ದಿನ ನೆಲಮಾಳಿಗೆಗೆ ಇಳಿದು ಬಂದು, "ನೀನು ಮೊದಲೇ ಇನ್ನೊಂದು ಸಲ ಬಂದು ಗಲಾಟೆ ಮಾಡಿದ್ದಿದ್ರೆ ನಾನು ಕೇಳ್ತಿದ್ದೆ ಅನ್ಸುತ್ತಮ್ಮಾ" ಎಂದರು. ಆ ಮಾತು ನಿಜವೋ ಸುಳ್ಳೋ ಅವಳಿಗೆ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ ಎಂಬುದೂ ತಿಳಿಯದು.

ಉಪ್ಪಿನ ವಿಭಾಗ ಮುಚ್ಚಿತು. ಅವಳನ್ನು ಉಗ್ರಾಣಕ್ಕೆ ಹಾಕಿದರು. ಬಲ್ಬು, ವಾಷರು, ಪೊರಕೆ ಕೊಡುವ ಕೆಲಸ. ಒಂದು ಕಿಟಕಿ, ಒಂದು ಮೇಜು, ಹಿಂದೊಂದು ಕೊಳಾಯಿ. ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಬರುವುದು ನಿಲ್ಲಿಸಿದರು. ವಿಭಾಗ ಮುಚ್ಚಿದ್ದರಿಂದ ಏಳು ಜನ ಕೆಲಸ ಕಳೆದುಕೊಂಡಿದ್ದರು. ಯಾರೂ ಈಗ ಉಪ್ಪಕ್ಕ ಎಂದು ಕರೆಯುತ್ತಿರಲಿಲ್ಲ. ಹಾಜರಿ ಪುಸ್ತಕದ ಹೆಸರೇ ಬಳಕೆಗೆ ಬಂತು, ಅದು ಅವಳಿಗೆ ಬೇರೆ ಯಾರದ್ದೋ ಹೆಸರಿನ ಹಾಗೆ ಕೇಳುತ್ತಿತ್ತು.

ಕಸಕ್ಕೆ ಹಾಕಿದ್ದ ಸಾಮಾನಿನಲ್ಲಿ ನಾಲ್ಕು ಉದ್ದ ಕೊಳವೆಗಳು ಸಿಕ್ಕವು. ಅವುಗಳನ್ನು ತೊಳೆದು ಮೇಜಿನ ಮೇಲಿಟ್ಟುಕೊಂಡಳು. ಉಗ್ರಾಣದಲ್ಲಿ ಎರಡು ತೊಟ್ಟಿ, ಒಂದು ನೀರು ಕಾಯಿಸುವ ಸಲಾಕೆ ಇದ್ದವು. ಉಪ್ಪಿನ ಒಂದು ಪೀಪಾಯಿಯನ್ನು ಎಲ್ಲಿಗೂ ಒಯ್ಯದೆ ಬಿಟ್ಟಿದ್ದರು.

ಗಸಿ ತಳಕ್ಕೆ ಇಳಿಯದ ಹಾಗೆ ಹಿಡಿದಿಡಬೇಕು. ಅಷ್ಟೇ ಸಮಸ್ಯೆ. ಮೊದಲು ಬಟ್ಟೆಗೆ ಹಾಕುವ ಗಂಜಿಪುಡಿ ಬೆರೆಸಿದಳು. ಒಂದು ತಿಂಗಳು ನಿಂತಿತು, ಆಮೇಲೆ ತೆಳ್ಳಗಾಗಿ ನಾರತೊಡಗಿತು. ಅಂಟು ಬೆರೆಸಿದಳು, ಕಾವಿಗೆ ಒಡೆಯಿತು. ಜೇಡಿಮಣ್ಣು ತಾನೇ ತಳಕ್ಕಿಳಿಯಿತು. ಒಂದು ದಿನ ಗೋಡೆಗೆ ಕಾಗದ ಅಂಟಿಸುವವನೊಬ್ಬ ಬ್ರಷ್ಷು ಒಯ್ಯಲು ಉಗ್ರಾಣಕ್ಕೆ ಬಂದ. ಅವನ ಬಕೆಟ್ಟಿನಲ್ಲಿದ್ದ ಅಂಟು ವಾರದಿಂದ ಹಾಗೇ ಇದೆ, ಕೆಟ್ಟಿಲ್ಲ, ಬೇರೆಯಾಗಿಲ್ಲ. "ಏನು ಪುಡಿ ಇದು?" ಎಂದು ಕೇಳಿ ಒಂದು ಹಿಡಿ ಈಸಿಕೊಂಡಳು. ನೂರಕ್ಕೆ ಎರಡು ಪಾಲಿನಂತೆ ಉಪ್ಪಿಗೆ ಬೆರೆಸಿ, ಇನ್ನೊಂದಿಷ್ಟು ನೀರು ಸೇರಿಸಿದಳು. ಉಪ್ಪು ಜೇನಿನಷ್ಟು ಮಂದವಾಯಿತು. ಕರಗಿತು, ಹೆಪ್ಪುಗಟ್ಟಿತು. ಗಸಿ ಕೂರಲಿಲ್ಲ.

ದಿನಕ್ಕೆ ಎರಡು ಸುತ್ತು. ನೂರು. ಮುನ್ನೂರು. ನಾನೂರ ಮೂವತ್ತನೆಯ ಸುತ್ತಿನ ದಿನ ಕೊಳವೆಗಳನ್ನು ಒಂದೊಂದಾಗಿ ಎತ್ತಿ ಒರೆಸಿದಳು. ಬೆಳಕಿಗೆ ಹಿಡಿದಳು. ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ. ಆರುನೂರು. ಒಂಬೈನೂರು. ನಾಲ್ಕೂ ಕೊಳವೆಗಳು ಮೊದಲ ದಿನದಷ್ಟೇ ಕಾವು ಕೊಡುತ್ತಿದ್ದವು. ಈ ಸುತ್ತುಗಳಿಗೇ ಒಂದೂಕಾಲು ವರ್ಷ ಹಿಡಿದಿತ್ತು. ಹೊಸ ಮುಖ್ಯಸ್ಥರಿಗೆ ಪತ್ರ ಬರೆದಳು. ಪತ್ರ ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು.

ಇದನ್ನು ಹೇಳಬೇಕಾದವರು ಇನ್ನೊಬ್ಬರಿದ್ದರು. ಸಭೆಯಾದ ಮೇಲೆ ಅತ್ತಿಗೆಯ ಮನೆಗೆ ಅವಳು ಹೋಗಿರಲಿಲ್ಲ. ಈಗ ಹೋದಳು, ಒಂದು ಉದ್ದ ಕೊಳವೆಯನ್ನು ಟವೆಲಿನಲ್ಲಿ ಸುತ್ತಿಕೊಂಡು. ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ಮೇಲೆ ಮಸಿ ಕೂತಿತ್ತು.

ಅತ್ತಿಗೆ ಬಾಗಿಲು ತೆಗೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಹೋಗಿ ಕುರ್ಚಿ ಎಳೆದಿಟ್ಟರು. ಉಪ್ಪಕ್ಕ ಕೊಳವೆ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಗಂಜಿಪುಡಿಯಿಂದ ಹಿಡಿದು ಒಂಬೈನೂರನೆಯ ಸುತ್ತಿನವರೆಗೆ. ಹೇಳುತ್ತಾ ಹೇಳುತ್ತಾ ಅವಳ ದನಿಯಲ್ಲಿ ಹಳೆಯ ಹುರುಪು ಬಂದಿತ್ತು.

"ಸರಿಯಾಗಿದೆ ಅತ್ತಿಗೆ. ಇನ್ನು ಕೆಡಲ್ಲ. ಅಣ್ಣ ನಂಬಿದ್ದು ಸುಳ್ಳಾಗಲಿಲ್ಲ."

ಅತ್ತಿಗೆ ಕೊಳವೆಯನ್ನು ಕೈಗೆತ್ತಿಕೊಂಡರು. ಇನ್ನೂ ಬೆಚ್ಚಗಿತ್ತು. ಎರಡೂ ಅಂಗೈ ನಡುವೆ ಹಿಡಿದು ಕೂತರು.

"ಎಷ್ಟು ದಿನ ಹಿಡೀತು ಅಂದೆ, ಈ ಪುಡಿ ಹುಡುಕೋಕೆ?"

"ಪುಡಿ ಸಿಗೋಕಾ? ಐದು ತಿಂಗಳು. ಪರೀಕ್ಷೆ ಮಾಡೋಕೆ ಉಳಿದದ್ದು."

"ಅವತ್ತು ನೀನು ಸಹಿ ಹಾಕದೆ ಐದು ತಿಂಗಳು ಹುಡುಕಿದ್ದಿದ್ರೆ ಸಿಗ್ತಿತ್ತು."

ಉಪ್ಪಕ್ಕ ಬೆರಳು ಮಡಚಿ ತಿಂಗಳು ಎಣಿಸಿದಳು. ಇಷ್ಟು ದಿನ ಅಳೆದಳು, ಬರೆದಳು, ಕೂಡಿಸಿದಳು. ಈ ಒಂದು ಲೆಕ್ಕ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಕೆಟ್ಟದ್ದು ಕೆಟ್ಟೇ ತೀರುತ್ತದೆ ಎಂದಿದ್ದರೆ ಅದೊಂದು ದುಃಖ. ಅದನ್ನು ಅವಳು ಹೇಗೋ ಹೊತ್ತುಕೊಂಡಿದ್ದಳು.

"ಸಿಗ್ತಿತ್ತು ಅತ್ತಿಗೆ" ಎಂದಳು.

ಅತ್ತಿಗೆ ತಲೆಯಾಡಿಸಿದರು. ಸಿಟ್ಟಿನಿಂದಲ್ಲ. ಸಿಟ್ಟೆಲ್ಲ ಎಂದೋ ಮುಗಿದಿದ್ದ ಹಾಗಿತ್ತು. ಕೊಳವೆಯನ್ನು ಟವೆಲಿನಲ್ಲಿ ಮತ್ತೆ ಸುತ್ತಿ, ತುದಿ ಮಡಚಿ, ನಾದಿನಿಯ ಮಡಿಲಲ್ಲಿಟ್ಟರು.

"ಇದನ್ನ ಇನ್ನೊಂದ್ಸಲ ಇಲ್ಲಿಗೆ ತರಬೇಡ" ಎಂದರು. "ಯಾರಿಗೆ ಬೇಕೋ ಅವರಿಗೆ ಹೋಗಿ ತೋರಿಸು. ಮುಖ್ಯಸ್ಥರು ಕೇಳದಿದ್ರೆ ಅವರ ಮೇಲಿನೋರಿಗೆ ತೋರಿಸು. ಒಂದ್ಸಲ ಹೇಳಿ ಸುಮ್ಮನೆ ಬರಬೇಡ. ಅವರು ಕುತ್ತಿಗೆ ಹಿಡಿದು ತಳ್ಳೋವರೆಗೂ ಅಲ್ಲೇ ನಿಂತಿರು."

ಅವರು ಎದ್ದು ಅಡುಗೆಮನೆಗೆ ಹೋದರು. ನೀರು ಬಿಡುವ ಸದ್ದು ಕೇಳಿತು. ಉಪ್ಪಕ್ಕ ಕೊಳವೆಯನ್ನು ಎದೆಗವಚಿಕೊಂಡು, ಬಾಗಿಲನ್ನು ತಾನೇ ಮೆಲ್ಲಗೆ ಎಳೆದುಕೊಂಡು, ಮೆಟ್ಟಿಲಿಳಿದಳು. ಬಸ್ಸು ಹತ್ತಲಿಲ್ಲ. ಸಂಶೋಧನಾಲಯದವರೆಗೂ ನಡೆದೇ ಹೋದಳು. ಉಗ್ರಾಣದ ಕಡೆ ತಿರುಗದೆ ನೇರ ಮೇಲಿನ ಮಹಡಿಗೆ ಹತ್ತಿ, ಮುಖ್ಯಸ್ಥರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಅವರು ಊಟಕ್ಕೆ ಹೋಗಿದ್ದಾರೆ, ಬರುವುದು ತಡ, ಬಂದರೂ ಇವತ್ತು ಯಾರನ್ನೂ ನೋಡುವುದಿಲ್ಲ ಎಂದ ಗುಮಾಸ್ತ.

"ಪರವಾಗಿಲ್ಲ, ಕೂತಿರ್ತೀನಿ" ಎಂದಳು.